ಮಾರ್ಚ್ 11ಕ್ಕೆ ನನ್ನ ರ‍್ಯಾಕ್ ಖಾಲಿ ಇತ್ತು

ಗಂಗಾವತಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್. ಹದಿನೇಳು ವರ್ಷ ಆಯಿತು. ಪೇಟೆಂಟ್ ಮುಗಿಯುವ ತಾರೀಕು ನೋಡಿ ಸ್ಟಾಕ್ ಕಡಿಮೆ ಮಾಡ್ತೀನಿ ಅಂದಾಗ ಪಕ್ಕದಂಗಡಿ ಅಣ್ಣ, "ಏನ್ರೀ, ವಕೀಲಕಿ ಶುರು ಮಾಡೀರೇನು?" ಎಂದು ನಕ್ಕಿದ್ದರು. 2025ರಲ್ಲಿ ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆಯ ಪೇಟೆಂಟ್ ಮುಗಿದ ಮೇಲೆ ಅವರೇ ಬಂದು ನನ್ನ ನೋಟ್‌ಬುಕ್ ಕೇಳಿದರು.

ಮೊದಲ ಪೆಟ್ಟು ಬಿದ್ದದ್ದು 2019ರ ಡಿಸೆಂಬರ್‌ನಲ್ಲಿ. ವಿಲ್ಡಾಗ್ಲಿಪ್ಟಿನ್ (ಇಲ್ಲಿ ಹೆಸರಿಸುವ ಔಷಧಿಗಳೆಲ್ಲಾ ಶುಗರ್‌ನವೇ). ಸ್ಟಾಕಿಸ್ಟ್ ಹತ್ತಿರ ಒಳ್ಳೆ ಸ್ಕೀಮ್ ಇತ್ತು, ಆಸೆಗೆ ಡಬಲ್ ಆರ್ಡರ್ ಹಾಕಿದೆ. ಅದೇ ತಿಂಗಳು ಪೇಟೆಂಟ್ ಮುಗಿಯಿತು, ಜೆನೆರಿಕ್‌ಗಳು (ಅದೇ ಔಷಧಿ, ಬೇರೆ ಕಂಪನಿಗಳು ಮಾಡಿದ್ದು) ಅರ್ಧಕ್ಕಿಂತ ಕಡಿಮೆ ರೇಟಿಗೆ ಬಂದವು. ಎಕ್ಸ್‌ಪೈರಿ ಆದ ಮಾಲು ವಾಪಸ್ ಹೋಗುತ್ತೆ, ರೇಟು ಬಿದ್ದ ಮಾಲನ್ನು ಯಾರು ಕೇಳ್ತಾರೆ? 18–20 ಸಾವಿರ ಹೋಯಿತು.

ಎರಡನೆಯದು ಡಾಪಾಗ್ಲಿಫ್ಲೋಜಿನ್. 2023ರ ಮೇ ಎಂದು ಬರೆದುಕೊಂಡು ಆರಾಮಾಗಿದ್ದೆ. ಆದರೆ ಅದಕ್ಕೆ ಎರಡು ಪೇಟೆಂಟ್. ಮೊದಲನೆಯದು 2020ರ ಅಕ್ಟೋಬರ್‌ಗೇ ಮುಗಿದಿತ್ತು. ಕಂಪನಿಗಳು ಮಾಲು ಬಿಟ್ಟೇಬಿಟ್ಟವು. ದೆಹಲಿ ಹೈಕೋರ್ಟ್‌ನಲ್ಲಿ ಕೇಸ್ ನಡೆಯಿತು, ತಡೆ ಸಿಗಲಿಲ್ಲ. ನನ್ನ ಗಿರಾಕಿಗಳು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋದರು. ಅಂದಿನಿಂದ ಒಂದು ಔಷಧಿಗೆ ಎಷ್ಟು ತಾರೀಕು ಸಿಗುತ್ತೋ ಎಲ್ಲಾ ಬರೆಯುತ್ತೇನೆ. ಎಲ್ಲಕ್ಕಿಂತ ಮುಂಚಿನದಕ್ಕೆ ಕೆಂಪು ಪೆನ್ನು.

2022ರ ಜುಲೈನಲ್ಲಿ ಸಿಟಾಗ್ಲಿಪ್ಟಿನ್. ಎರಡು ಸಲ ಕೈ ಸುಟ್ಟುಕೊಂಡ ಭಯಕ್ಕೆ ಮೂರು ತಿಂಗಳು ಮೊದಲೇ ಖರೀದಿ ನಿಲ್ಲಿಸಿದೆ. ಜೂನ್‌ನಲ್ಲಿ ಕೊಡಲು ಮಾಲಿಲ್ಲ. ಎಂಟೊಂಬತ್ತು ಖಾಯಂ ಮನೆಗಳು ಕೈಬಿಟ್ಟವು. ಸತ್ಯ ಹೇಳಬೇಕಂದ್ರೆ, ಆ 20 ಸಾವಿರಕ್ಕಿಂತ ಇದೇ ಜಾಸ್ತಿ ನೋವಾಯಿತು.

ಈಗ ಆರು ವಾರ ಮೊದಲು ಸ್ಟಾಕ್ ಕಡಿಮೆ ಮಾಡುತ್ತೇನೆ. ತಿಂಗಳ ಮಾತ್ರೆ ಒಯ್ಯುವವರಿಗೆ "ಹದಿನೈದು ದಿನದ್ದು ಒಯ್ಯಿರಿ, ಮುಂದೆ ಅಗ್ಗ ಆಗ್ತೈತಿ" ಅನ್ನುತ್ತೇನೆ. ಜೆನೆರಿಕ್ ಬರೋಕೆ ಇನ್ನೂ ಆರು ತಿಂಗಳು ಬೇಕು ಅಂತ ಕೂತವರು ಕೆಡುತ್ತಾರೆ. ಪೇಟೆಂಟ್ ಜೀವಂತ ಇರುವಾಗಲೇ ಮಾತ್ರೆ ತಯಾರಿಸಿ, ಪರೀಕ್ಷೆ ಮಾಡಿ, ಲೈಸೆನ್ಸ್ ತೆಗೆದಿಡಲು ನಮ್ಮ ಕಾಯ್ದೆಯಲ್ಲೇ ಅವಕಾಶ ಇದೆ. ಮಾರೋದು ಮಾತ್ರ ಮುಗಿದ ಮೇಲೆ. ಹಾಗಾಗಿ ಅದೇ ವಾರ ಡಬ್ಬಿ ಬರುತ್ತೆ.

2025ರ ಮಾರ್ಚ್ 11ರಂದು ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದಾಗ ನನ್ನ ರ‍್ಯಾಕ್‌ನಲ್ಲಿ ಇದ್ದದ್ದು ನಾಲ್ಕೇ ಸ್ಟ್ರಿಪ್. 60 ರೂಪಾಯಿ ಆಸುಪಾಸಿನ ಮಾತ್ರೆ ಹತ್ತರ ಆಸುಪಾಸಿಗೆ ಇಳಿಯಿತು. ಕೆಲವು ಬ್ರ್ಯಾಂಡ್ ಇನ್ನೂ ಕಡಿಮೆ. ಮಾತ್ರೆಗೆ 12 ರೂಪಾಯಿ ಉಳಿಯುತ್ತಿದ್ದಲ್ಲಿ ಈಗ ಎರಡು, ಎರಡೂವರೆ. ಲಾಸ್ ಅಲ್ವಾ ಅಂತೀರಿ. ಮೊದಲು ಎಂಟು ಜನ ಒಯ್ಯುತ್ತಿದ್ದರು, ಈಗ 45ರ ಹತ್ತಿರ ಇದ್ದಾರೆ. ತಿಂಗಳಿಗೆ ಮೂರು ಸಾವಿರ ಆಗಲೂ ಅಷ್ಟೇ, ಈಗಲೂ ಅಷ್ಟೇ. ಆದರೆ ಆ 45 ಜನರ ಬಿಪಿ ಮಾತ್ರೆ, ಇನ್ಸುಲಿನ್ ಎಲ್ಲಾ ನನ್ನ ಕೌಂಟರ್‌ನಲ್ಲೇ ಹೋಗುತ್ತೆ.

ಬೋರ್ಡ್ ಹಾಕಿದ್ದೂ ಆಯಿತು, 'ಶುಗರ್ ಮಾತ್ರೆ ಅಗ್ಗವಾಗಿದೆ' ಅಂತ. ದೊಡ್ಡ ತಪ್ಪು. ಚೀಟಿಯಲ್ಲಿ ಒಂದು ಬ್ರ್ಯಾಂಡ್ ಇದ್ದರೆ ಜನ ಇನ್ನೊಂದು ಕೊಡಿ ಅಂತ ಜಗಳಕ್ಕೇ ನಿಂತರು. ಡಾಕ್ಟರು ಬರೆದ ಬ್ರ್ಯಾಂಡ್ ನಾವಾಗಿ ಬದಲಿಸುವ ಹಾಗಿಲ್ಲ, ನಿಮಗೆ ಗೊತ್ತೇ ಇದೆ. ನಾಲ್ಕನೇ ದಿನ ಬೋರ್ಡ್ ತೆಗೆದೆ. ಬದಲಿಗೆ ರೇಟು ಬರೆದ ಚೀಟಿ ಹಿಡಿದು ಡಾಕ್ಟರ ಹತ್ತಿರ ನಾನೇ ಹೋದೆ. ಇಷ್ಟೊಂದು ಬ್ರ್ಯಾಂಡ್ ಬಂದಾಗ ಯಾವ ಎರಡನ್ನು ಇಡಬೇಕು ಅಂತ ಹೇಗೆ ಆರಿಸ್ತೀನಿ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಪಕ್ಕದಂಗಡಿ ಅಣ್ಣ ಓದ್ತಾರೆ.

ಅದರ ನಂತರದ ಕೆಂಪು ಗುರುತು ಸೆಮಾಗ್ಲುಟೈಡ್, 2026ರ ಮಾರ್ಚ್. ಇಂಜೆಕ್ಷನ್ ಆದರೆ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ಲ. ಒಂದು ಭಾನುವಾರ ಇನ್ಸುಲಿನ್ ಎಲ್ಲಾ ಮನೆ ಫ್ರಿಜ್‌ಗೆ ಸಾಗಿಸಿ, ಅಂಗಡಿ ಫ್ರಿಜ್‌ನಲ್ಲಿ ನೀರಿನ ಬಾಟಲಿ, ಥರ್ಮಾಮೀಟರ್ ಇಟ್ಟು ಕರೆಂಟ್ ತೆಗೆದೆ. ಎರಡು ಗಂಟೆಯೊಳಗೆ 8 ದಾಟಿತು. ಇನ್ವರ್ಟರ್ ತಂದೆ, 26 ಸಾವಿರ. ಮನೆಯಾಕೆ ಇನ್ನೂ ಸರಿಯಾಗಿ ಮಾತಾಡ್ತಿಲ್ಲ.