ಮಾನಪತ್ರ ಬರೆಯಲು ಮನೆಗೇ ಹೋಗಬೇಕು

ನಮ್ಮ ಕಡೆ, ಅಂದ್ರೆ ತುರುವೇಕೆರೆ, ನಾಗಮಂಗಲದ ಸುತ್ತಿನ ಹಳ್ಳಿಗಳಲ್ಲಿ, ಬೇಸಿಗೆ ಬಂತು ಅಂದ್ರೆ ಪೌರಾಣಿಕ ನಾಟಕ. ಜಾತ್ರೆ ಮುಗಿದ ಮೇಲೆ ಒಂದಲ್ಲ ಒಂದು ಊರಲ್ಲಿ 'ಕುರುಕ್ಷೇತ್ರ' ಇದ್ದೇ ಇರುತ್ತದೆ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ತುಮಕೂರು ಜಿಲ್ಲೆ ನಮ್ಮದು. ಆ ಕಂಪನಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿದ್ದನ್ನು ನಮ್ಮ ತಾತಂದಿರು ಹೇಳುತ್ತಿದ್ದರು. ಈಗ ನಮ್ಮ ಊರುಗಳಲ್ಲಿ ಪಾತ್ರ ಕಟ್ಟುವವರು ರೈತರು, ಲಾರಿ ಡ್ರೈವರುಗಳು, ಗಾರೆ ಕೆಲಸದವರು. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಹಾಕಿಕೊಳ್ಳುತ್ತಾರೆ. ಕೃಷ್ಣನಿಗೆ, ದುರ್ಯೋಧನನಿಗೆ ಜಾಸ್ತಿ. ರಾತ್ರಿ ಊಟ ಆದ ಮೇಲೆ ದೇವಸ್ಥಾನದ ಜಗಲಿಯಲ್ಲಿ ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿ, ಒಂದು ರಾತ್ರಿ ಬೆಳಗಿನವರೆಗೆ ಆಡುತ್ತಾರೆ.

ಆ ನಾಟಕದ ರಾತ್ರಿಯೇ ನಮ್ಮ ಊರಿನ ಬಳಗ ಪ್ರತಿ ವರ್ಷ ಐದು ಮಂದಿಗೆ ಸನ್ಮಾನ ಮಾಡುತ್ತದೆ. ಮೂವರು ಕಲಾವಿದರು, ಇಬ್ಬರು ಕಲಾಪೋಷಕರು. ಇದರ ಉಸ್ತುವಾರಿ ನನ್ನದು. ಅಕ್ಕಪಕ್ಕದ ಊರಿನವರು 'ಹೇಗೆ ಮಾಡ್ತೀರಿ, ನಾವೂ ಶುರು ಮಾಡ್ಬೇಕು' ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇಷ್ಟು ಬರೆಯುತ್ತಿದ್ದೇನೆ.

ಇಂಥದ್ದು ಊರಿನ ಮಟ್ಟದಲ್ಲಿ ಯಾಕೆ ಬೇಕು ಅಂತ ಮೊದಲು ಹೇಳಿಬಿಡುತ್ತೇನೆ. ರಾಜ್ಯೋತ್ಸವ ಪ್ರಶಸ್ತಿ 1966ರಿಂದ ಇದೆ. 2023ರಲ್ಲಿ 68 ಮಂದಿಗೆ ಬಂತು, 2024ರಲ್ಲಿ 69 ಮಂದಿಗೆ. ಅದು ಇಡೀ ರಾಜ್ಯಕ್ಕೆ, ಸಾಹಿತ್ಯ, ವೈದ್ಯ, ಕೃಷಿ, ಕ್ರೀಡೆ ಎಲ್ಲಾ ಸೇರಿ. ಅಕಾಡೆಮಿಗಳು ಕೊಡುವ ಪ್ರಶಸ್ತಿಗಳೂ ಇವೆ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ತಮಟೆಯವರು ಪತ್ರಿಕೆಯ ಫೋಟೋ ಕತ್ತರಿಸಿ ಇಟ್ಟುಕೊಂಡಿದ್ದರು. ಎಷ್ಟು ಸಂತೋಷ ಅವರಿಗೆ! ಆದರೆ ಸುತ್ತಿನ ಹತ್ತು ಹಳ್ಳಿಗೆ ಮಾತ್ರ ಗೊತ್ತಿರುವ ಹಾರ್ಮೋನಿಯಂ ಮೇಷ್ಟ್ರ ಹೆಸರು ಬೆಂಗಳೂರಿನವರೆಗೆ ಹೋಗುವುದು ಕಷ್ಟ. ಅವರ ಕೆಲಸ ಕಂಡವರು ನಾವು. ಹೇಳಬೇಕಾದವರೂ ನಾವೇ ಅಲ್ವಾ?

ಯಾರನ್ನು ಆರಿಸಬೇಕು ಅನ್ನುವುದಕ್ಕೆ ಅರ್ಜಿ ಕರೆಯುವುದಿಲ್ಲ. ಅರ್ಜಿ ಹಾಕಿ ಅಂದರೆ ನಿಜವಾದ ಕಲಾವಿದರು ಹಿಂದೆ ಸರಿಯುತ್ತಾರೆ, ಮುಂದೆ ಬರುವವರೇ ಬೇರೆ. ಬದಲಿಗೆ ನಾಟಕ ಕಲಿಸುವ ಮೇಷ್ಟ್ರುಗಳನ್ನು, ಪರದೆ, ಕಿರೀಟ ತರುವ ಸೀನರಿಯವರನ್ನು, ವಾದ್ಯದವರನ್ನು ಕೇಳುತ್ತೇವೆ. 'ನಿಮ್ಮ ಕಣ್ಣಿಗೆ ಯಾರು ದೊಡ್ಡವರು? ಯಾರಿಗೆ ಇನ್ನೂ ಏನೂ ಸಿಕ್ಕಿಲ್ಲ?' ಒಂದೇ ಹೆಸರು ಬೇರೆ ಬೇರೆ ಬಾಯಲ್ಲಿ ಬಂದರೆ ಆ ಹೆಸರು ಪಟ್ಟಿಗೆ. ಬಳಗದವರಿಗೆ, ಅವರ ಮನೆಯವರಿಗೆ ಸನ್ಮಾನ ಇಲ್ಲ. ಹಾಲಿ ಗೆದ್ದು ಕುರ್ಚಿಯಲ್ಲಿರುವವರಿಗೂ ಇಲ್ಲ. ಈ ಎರಡು ನಿಯಮ ಮೊದಲ ಸಭೆಯಲ್ಲೇ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿಕೊಂಡೆವು. ನೀವೂ ಹಾಗೇ ಮಾಡಿ. ಆಮೇಲೆ ಹೇಳಿದರೆ ಯಾರೂ ಒಪ್ಪುವುದಿಲ್ಲ.

ಕಲಾವಿದರು ಅಂದರೆ ನಮ್ಮಲ್ಲಿ ಪಾತ್ರಧಾರಿಗಳಷ್ಟೇ ಎಂದು ತಿಳಿಯಬೇಡಿ. ಸೋಬಾನೆ ಹಾಡುವ ಅಜ್ಜಿಯರು, ಸೋಮನ ಕುಣಿತದವರು, ತಮಟೆ, ಅರೆ ವಾದ್ಯ ಬಾರಿಸುವವರು, ಮೂಡಲಪಾಯ ಬಯಲಾಟದಲ್ಲಿ ವೇಷ ಹಾಕಿದ ಹಳಬರು, ಎಲ್ಲರೂ ಬರುತ್ತಾರೆ. ನನಗೆ ತುಂಬ ಗೌರವ ಇರುವುದು ಬಾಡಿಗೆಗೆ ಬಂದು ಸ್ತ್ರೀಪಾತ್ರ ಮಾಡುವ ಹೆಣ್ಣುಮಕ್ಕಳ ಮೇಲೆ. ಸಂಜೆ ಬಸ್ಸಿನಲ್ಲಿ ಇಳಿಯುತ್ತಾರೆ. ಎದುರಿಗೆ ನಿಲ್ಲುವ ಭೀಮ ಯಾರು, ಅವನಿಗೆ ಮಾತು ಬರುತ್ತದೋ ಇಲ್ಲವೋ, ಒಂದೂ ಗೊತ್ತಿರುವುದಿಲ್ಲ. ಒಂದೇ ರಾತ್ರಿ ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆ, ಯಾವುದು ಕೊಟ್ಟರೂ ಮಾಡುತ್ತಾರೆ. ಎದುರಿನವನು ಮಾತು ಮರೆತರೆ ಅವನ ಮಾತನ್ನೂ ಪ್ರಶ್ನೆಯಾಗಿ ತಿರುಗಿಸಿ ತಾವೇ ಎತ್ತಿಕೊಟ್ಟು ನಾಟಕ ಉಳಿಸುತ್ತಾರೆ. ಬೆಳಿಗ್ಗೆ ಬಣ್ಣ ಒರೆಸಿಕೊಂಡು ಮತ್ತೆ ಬಸ್ಸು. ಊರಿನವರು ಇವರ ಹಾಡಿಗೆ ಶಿಳ್ಳೆ ಹೊಡೆಯುತ್ತಾರೆ. ಹೆಸರು ಮಾತ್ರ ಕೇಳುವುದಿಲ್ಲ. 'ಅವರು ನಮ್ಮೂರವರಲ್ಲವಲ್ಲ' ಎಂದು ಬಳಗದಲ್ಲಿ ಕೆಲವರು ತಕರಾರು ತೆಗೆದರು. ನಮ್ಮ ಊರಿನ ರಂಗದ ಮೇಲೆ ಇಪ್ಪತ್ತು ವರ್ಷ ನಿಂತವರು ನಮ್ಮೂರವರೇ ಎಂದು ನಾನು ವಾದ ಮಾಡಿದೆ. ಈಗ ಮೂವರು ಕಲಾವಿದರಲ್ಲಿ ಒಂದು ಜಾಗ ಸ್ತ್ರೀಪಾತ್ರದವರಿಗೇ ಮೀಸಲು.

ಕಲಾಪೋಷಕರ ವಿಷಯ ಸ್ವಲ್ಪ ಸೂಕ್ಷ್ಮ. ಚಂದಾ ಜಾಸ್ತಿ ಕೊಟ್ಟವರೇ ಪೋಷಕರು ಎಂದು ಜನ ಭಾವಿಸಿದ್ದಾರೆ. ಒಬ್ಬ ಗುತ್ತಿಗೆದಾರರು ದೊಡ್ಡ ಮೊತ್ತ ಕೊಡುತ್ತೇನೆ, ಪಟ್ಟಿಯಲ್ಲಿ ನನ್ನ ಹೆಸರು ಇರಲಿ ಎಂದರು. ನಾವು ಕೈಮುಗಿದು ಬೇಡ ಅಂದೆವು. ಆ ವರ್ಷ ಮನೆ ಮನೆ ಇನ್ನೊಂದು ಸುತ್ತು ತಿರುಗಿ ದುಡ್ಡು ಹೊಂದಿಸಬೇಕಾಯಿತು. ಚಂದಾದಾರರ ಹೆಸರು ಹ್ಯಾಂಡ್‌ಬಿಲ್ಲಿನಲ್ಲಿ ಹಾಕುತ್ತೇವೆ, ಮೈಕಿನಲ್ಲಿ ಓದುತ್ತೇವೆ, ಅದು ಅವರಿಗೆ ಸಲ್ಲಬೇಕು. ಸನ್ಮಾನ ಬೇರೆ. ಪೋಷಕರು ಅಂದರೆ ಯಾರು? ಪ್ರತಿ ವರ್ಷ ಫಸಲು ಎತ್ತಿದ ಕೂಡಲೇ ನಾಟಕಕ್ಕೆ ತನ್ನ ಹೊಲ ಬಿಟ್ಟುಕೊಡುವವರು. ಪ್ರಾಕ್ಟೀಸಿಗೆ ಬರುವ ಮೇಷ್ಟ್ರಿಗೆ ತಿಂಗಳುಗಟ್ಟಲೆ ರಾತ್ರಿ ಮುದ್ದೆ, ಸಾರು ಬಡಿಸಿ, ಮಲಗಲು ಜಾಗ ಕೊಟ್ಟ ತಾಯಿ. ಬಾಕಿ ಇದ್ದರೂ ಪರದೆ, ಕಿರೀಟ, ಗದೆ ಹೊತ್ತು ತಂದ ಸೀನರಿ ಮಾಲೀಕರು. ಇವರು ಒಂದು ವರ್ಷ ಆಗಲ್ಲ ಅಂದರೆ ಊರಲ್ಲಿ ನಾಟಕವೇ ಇಲ್ಲ. ಆ ತಾಯಿಯನ್ನು ಕರೆದಾಗ ಅವರು ನಂಬಲೇ ಇಲ್ಲ. 'ಊಟ ಹಾಕಿದ್ದಕ್ಕೆ ಯಾರಾದ್ರೂ ಶಾಲು ಹೊದಿಸ್ತಾರೇನಪ್ಪಾ?' ಎಂದು ಕೇಳಿದರು. ಹೊದಿಸ್ತೀವಿ ಅಮ್ಮ, ಅಂದೆ.

ಇಷ್ಟೂ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕೊಡುವುದು ಮಾನಪತ್ರಕ್ಕೆ. ಬಹಳ ಕಡೆ ಮಾನಪತ್ರ ಅಂದರೆ 'ಕಲಾ ಸರಸ್ವತಿಯ ವರಪುತ್ರರೇ, ತಮ್ಮ ಅಮೋಘ ಸೇವೆಯನ್ನು' ಎಂದು ಶುರುವಾಗಿ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೊದಲೇ ಇರುವ ಒಕ್ಕಣೆಗೆ ಹೆಸರು ಬದಲಾಯಿಸಿದ್ದು. ಅದನ್ನು ಐವರಿಗೆ ಓದಿದರೂ ಒಂದೇ. ನಾವು ಹಾಗೆ ಮಾಡುವುದಿಲ್ಲ. ನಾನು, ಇನ್ನೊಬ್ಬ ಗೆಳೆಯ ಅವರ ಮನೆಗೆ ಹೋಗಿ ಕೂರುತ್ತೇವೆ. ಯಾರ ಹತ್ತಿರ ಕಲಿತಿರಿ? ಮೊದಲ ಪಾತ್ರ ಯಾವುದು, ಯಾವ ಊರಲ್ಲಿ? ಜೊತೆಗೆ ಯಾರಿದ್ದರು? ಎಷ್ಟು ಊರಿಗೆ ನಾಟಕ ಕಲಿಸಿದಿರಿ? ಯಾರಿಗೆ ವಿದ್ಯೆ ಹೇಳಿಕೊಟ್ಟಿರಿ? ಹಳೆ ಹ್ಯಾಂಡ್‌ಬಿಲ್ಲು, ಫೋಟೋ ಇದ್ದರೆ ಮೊಬೈಲಿನಲ್ಲಿ ತೆಗೆದುಕೊಳ್ಳುತ್ತೇವೆ. ಸಾಮಾನ್ಯವಾಗಿ ಟ್ರಂಕಿನ ತಳದಲ್ಲಿ ಇರುತ್ತವೆ, ಹುಡುಕಲು ಮನೆಯವರಿಗೆ ಸಮಯ ಕೊಡಬೇಕು.

ಮೊದಲ ಸಲ ಕೂತಾಗ ಎಲ್ಲರೂ 'ನಂದೇನಿದೆ ಬಿಡಿ, ಎಲ್ಲಾ ಗುರುಗಳದು' ಅನ್ನುತ್ತಾರೆ. ಅಲ್ಲಿಗೆ ಎದ್ದು ಬರಬೇಡಿ. ಹಾಡು ಕೇಳಿ. ಒಂದು ಕಂದ, ಒಂದು ಹಳೆ ಮಟ್ಟು ಹಾಡಿಸಿದರೆ ಸಾಕು, ಅದನ್ನು ಎಲ್ಲಿ ಕಲಿತದ್ದು, ಯಾವ ರಾತ್ರಿ ಹಾಡಿದ್ದು, ಜನ ಹೇಗೆ ಒನ್ಸ್ ಮೋರ್ ಅಂದರು, ಎಲ್ಲಾ ತಾನಾಗಿ ಬರುತ್ತದೆ. ಸೋಬಾನೆ ಅಜ್ಜಿಯರ ಹತ್ತಿರವಂತೂ ಪ್ರಶ್ನೆ ಕೇಳಿ ಪ್ರಯೋಜನ ಇಲ್ಲ. ಹಸೆಗೆ ಕರೆಯುವ ಹಾಡು ಹೇಳಿ ಅಂದರೆ ಹಾಡುತ್ತಾರೆ, ಹಾಡುತ್ತಾ ಯಾರ ಮದುವೆ, ಯಾರು ಮುಂದಾಳು, ಯಾರು ಸೊಲ್ಲು ಹಿಡಿಯುತ್ತಿದ್ದರು ಎಂದು ಬಿಡಿಸುತ್ತಾರೆ.

ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಅವರಿಗೇ ಓದಿ ಹೇಳುತ್ತೇವೆ. ಗುರುವಿನ ಹೆಸರು ಬಿಟ್ಟಿದ್ದರೆ, ಜೊತೆಗಾರರ ಹೆಸರು ತಪ್ಪಿದ್ದರೆ ಆಗಲೇ ಸರಿಯಾಗುತ್ತದೆ. ಒಂದು ಪುಟಕ್ಕಿಂತ ಜಾಸ್ತಿ ಇಲ್ಲ. ವಿಶೇಷಣ ಕಡಿಮೆ, ಊರು, ಇಸವಿ, ಪಾತ್ರ, ಶಿಷ್ಯರು ಜಾಸ್ತಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಷ್ಟದಲ್ಲಿರುವ, 58 ವರ್ಷ ದಾಟಿದ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಅರ್ಜಿ ಹಾಕುವಾಗ ವಯಸ್ಸು, ಆದಾಯದ ಜೊತೆಗೆ ಕಲಾಸೇವೆಗೂ ದಾಖಲೆ ಕೇಳುತ್ತಾರೆ. ಬದುಕಿಡೀ ಹಾಡಿದವರ ಹತ್ತಿರ ಒಂದು ಚೀಟಿಯೂ ಇರುವುದಿಲ್ಲ. ಯಾವ ಇಸವಿಯಿಂದ ಏನು ಮಾಡಿದ್ದಾರೆ ಎಂದು ಸ್ಪಷ್ಟವಾಗಿ ಬರೆದ, ತಾರೀಕು, ಸಹಿ ಇರುವ ಮಾನಪತ್ರ ಅಲ್ಲಿ ಕೆಲಸಕ್ಕೆ ಬರುತ್ತದೆ. 'ವರಪುತ್ರರೇ' ಎಂದು ಬರೆದದ್ದು ಬರುವುದಿಲ್ಲ. ಆದ್ದರಿಂದ ಫ್ರೇಮು ಹಾಕಿದ ಒಂದು ಪ್ರತಿಯ ಜೊತೆಗೆ ಮಡಚದ ಎರಡು ಪ್ರತಿ, ಕಾರ್ಯಕ್ರಮದ ಫೋಟೋ, ಹ್ಯಾಂಡ್‌ಬಿಲ್ಲು ಎಲ್ಲಾ ಒಂದು ಫೈಲಿನಲ್ಲಿ ಹಾಕಿ ಮನೆಗೆ ತಲುಪಿಸುತ್ತೇವೆ. ಅರ್ಜಿ ತುಂಬಿಸಲು ನಮ್ಮ ಬಳಗದ ಹುಡುಗರು ಜೊತೆಗೆ ಹೋಗುತ್ತಾರೆ.

ರಂಗದ ಮೇಲಿನ ಕ್ರಮ ಹೀಗೆ. ನಾಟಕದ ನಡುವೆ ಸನ್ಮಾನ ಇಲ್ಲವೇ ಇಲ್ಲ. ನಮ್ಮ ಕಡೆ ದುರ್ಯೋಧನನ ದರ್ಬಾರ್ ನಿಲ್ಲಿಸಿ ಹಾರ ಹಾಕುವುದು, ಯಾರು ಎಷ್ಟು ಮುಯ್ಯಿ ಕೊಟ್ಟರು ಎಂದು ಓದುವುದು ರೂಢಿ. ನೆಂಟರು ಪಾತ್ರಧಾರಿಗೆ ಹಾರ ಹಾಕುವ ಸಂಭ್ರಮವನ್ನು ನಾನು ಬೇಡ ಅನ್ನುವುದಿಲ್ಲ, ಅದೂ ಪ್ರೀತಿಯೇ. ಆದರೆ ಎಪ್ಪತ್ತು ದಾಟಿದ ಮೇಷ್ಟ್ರನ್ನು ನಡುರಾತ್ರಿವರೆಗೆ ಕಾಯಿಸಿ, ಗದ್ದಲದಲ್ಲಿ ಶಾಲು ಹೊದಿಸಿ ಕಳಿಸುವುದು ಮರ್ಯಾದೆ ಅಲ್ಲ. ದೀಪ ಹಚ್ಚಿದ ಕೂಡಲೇ ಸನ್ಮಾನ, ಆಮೇಲೆ ನಾಟಕ. ಅತಿಥಿಗಳ ಭಾಷಣ ಸನ್ಮಾನದ ನಂತರ, ಅದೂ ಚುಟುಕಾಗಿ. ಮಾನಪತ್ರವನ್ನು ಅದೇ ಕಲೆಯವರು ಓದುತ್ತಾರೆ. ಮೇಷ್ಟ್ರದ್ದನ್ನು ಅವರ ಶಿಷ್ಯ, ಅಜ್ಜಿಯದ್ದನ್ನು ಮೊಮ್ಮಗಳು. ಕೊನೆಗೆ ಮೈಕು ಸನ್ಮಾನಿತರ ಕೈಗೆ. ಮಾತಾಡಬಹುದು, ಹಾಡಬಹುದು. ಬಹಳ ಮಂದಿ ಹಾಡೇ ಹಾಡುತ್ತಾರೆ. ಮೇಳಕ್ಕೆ ಮೊದಲೇ ಹೇಳಿಟ್ಟಿದ್ದರೆ ಹಾರ್ಮೋನಿಯಂ, ತಬಲ ಶ್ರುತಿ ಹಿಡಿದು ತಯಾರಿರುತ್ತವೆ.

ಕುರ್ಚಿಯ ಬಗ್ಗೆಯೂ ಹೇಳಲೇಬೇಕು. ತಮಟೆಯವರನ್ನು ಮೆರವಣಿಗೆಗೆ ಕರೆಯುವುದು, ರಂಗದ ಕೆಳಗೆ ನಿಲ್ಲಿಸುವುದು, ಕೆಲಸ ಮುಗಿದ ಮೇಲೆ ಊಟ ಕೊಟ್ಟು ಕಳಿಸುವುದು, ಇದು ನಮ್ಮ ಹಳ್ಳಿಗಳಲ್ಲಿ ನಡೆದು ಬಂದದ್ದು. ಅದಕ್ಕೆ ಜಾತಿಯೇ ಕಾರಣ, ಬೇರೆ ಹೆಸರು ಬೇಡ. ನಮ್ಮ ಕಾರ್ಯಕ್ರಮದಲ್ಲಿ ಅತಿಥಿಗಳಿಗೆ ಯಾವ ಕುರ್ಚಿಯೋ ಅವರಿಗೂ ಅದೇ ಕುರ್ಚಿ, ಅದೇ ಸಾಲು, ಅದೇ ಪಂಕ್ತಿಯಲ್ಲಿ ಊಟ. ತಂಡವನ್ನು ಕರೆದರೆ ಮುಂದಾಳು ಒಬ್ಬರಿಗೇ ಶಾಲು ಹಾಕಿ ಉಳಿದವರನ್ನು ಹಿಂದೆ ನಿಲ್ಲಿಸುವುದಿಲ್ಲ. ಎಲ್ಲರ ಹೆಸರು ಕರೆದು ಎಲ್ಲರಿಗೂ ಹೊದಿಸುತ್ತೇವೆ. ಮೊದಲ ವರ್ಷ ಇದಕ್ಕೆ ಗೊಣಗಿದವರಿದ್ದರು. ನಾವು ಜಗ್ಗಲಿಲ್ಲ.

ದುಡ್ಡಿನ ಲೆಕ್ಕ ಸರಳ. ಒಬ್ಬರಿಗೆ 5,000 ರೂಪಾಯಿ ಹಮ್ಮಿಣಿ, ಶಾಲು, ಹಾರ, ಫಲತಾಂಬೂಲ, ಮಾನಪತ್ರ. ತಂಡವಾದರೆ ಹಮ್ಮಿಣಿ ಇನ್ನೂ ಜಾಸ್ತಿ. ಗಾಜಿನ ಸ್ಮರಣಿಕೆ ಕೊಡುವುದಿಲ್ಲ. ಒಂದು ಮಳೆಗಾಲದಲ್ಲಿ ಅದರ ಬಣ್ಣ ಹೋಗುತ್ತದೆ, ಆ ದುಡ್ಡೂ ಹಮ್ಮಿಣಿಗೇ ಸೇರಲಿ. ಕರೆತಂದು ಮನೆಗೆ ಬಿಡುವ ಕಾರಿನ ಖರ್ಚು ಬೇರೆ. ಅದನ್ನು ಹಮ್ಮಿಣಿಯಲ್ಲಿ ಮುರಿಯುವಂತಿಲ್ಲ. ದುಡ್ಡು ಊರಿನ ಮನೆಗಳಿಂದ, ಹೊರಗೆ ಕೆಲಸದಲ್ಲಿರುವ ನಮ್ಮೂರ ಮಕ್ಕಳಿಂದ ಬರುತ್ತದೆ. ಎಲ್ಲದಕ್ಕೂ ರಸೀದಿ. ಖರ್ಚಿನ ಪಟ್ಟಿಯನ್ನು ವಾರದೊಳಗೆ ಹಾಲಿನ ಡೇರಿಯ ಗೋಡೆಗೆ ಅಂಟಿಸುತ್ತೇವೆ. ಬೆಳಿಗ್ಗೆ, ಸಂಜೆ ಎಲ್ಲರೂ ಬರುವ ಜಾಗ ಅದೇ.

ಹಾಸಿಗೆ ಹಿಡಿದವರಿದ್ದರೆ ಬಳಗವೇ ಅವರ ಮನೆಗೆ ಹೋಗುತ್ತದೆ. ವಾದ್ಯದವರನ್ನೂ ಕರೆದುಕೊಂಡು ಹೋಗುತ್ತೇವೆ. ಈ ವಿಷಯದಲ್ಲಿ ಮುಂದಿನ ವರ್ಷ ನೋಡೋಣ ಅನ್ನುವ ಮಾತಿಗೆ ನಾನು ಒಪ್ಪುವುದೇ ಇಲ್ಲ. ವಯಸ್ಸಾದವರ ಹೆಸರು ಪಟ್ಟಿಯಲ್ಲಿ ಮೊದಲು.

ಈ ಸಲದ ಪಟ್ಟಿಯಲ್ಲಿ ನಾಲ್ಕು ಹೆಸರು ಒಪ್ಪಿಗೆಯಾಗಿವೆ. ಐದನೆಯದು ಇನ್ನೂ ಚರ್ಚೆಯಲ್ಲಿದೆ. ಪಕ್ಕದ ಪರದೆಯ ಹಿಂದೆ ಪುಸ್ತಕ ಹಿಡಿದು, ಬೆಳಗಿನವರೆಗೆ ನಿಂತು, ಮಾತು ಎತ್ತಿಕೊಡುವ ಪ್ರಾಂಪ್ಟರ್ ಒಬ್ಬರಿದ್ದಾರೆ. ನಾಟಕದ ಹದಿನೈದು ಪಾತ್ರದ ಮಾತೂ ಅವರಿಗೆ ಬಾಯಿಪಾಠ. ಪುಸ್ತಕ ಸುಮ್ನೆ ಕೈಯಲ್ಲಿರುತ್ತದೆ. ರಂಗಕ್ಕೆ ಬರದವರು ಪೋಷಕರು ಎಂದು ಬಳಗದ ಕೆಲವರು ಹೇಳುತ್ತಿದ್ದಾರೆ. ಕಲಾವಿದರ ಮೂರು ಜಾಗದಲ್ಲೇ ಅವರ ಹೆಸರು ಬರಬೇಕು ಎಂದು ನಾನು ಪುಸ್ತಕದಲ್ಲಿ ಬರೆದಿದ್ದೇನೆ. ಮೇಷ್ಟ್ರು ಇಬ್ಬರು ನನ್ನ ಕಡೆ ಇದ್ದಾರೆ.