ಜವಳಿ ಅಂಗಡಿ ಚೀಲ ಕಟ್ಕೊಂಡು ಬಾಹಾ ದಾಟಿಸಿದ್ದು

ಮೆಕ್ಸಿಕೋದ ಬಾಹಾ ಮರುಭೂಮಿ ರ‍್ಯಾಲಿಗೆ ಮೂರು ಸಲ ಹೋದೆ. ಎರಡು ಸಲ ಗಾಡಿ ಟ್ರೇಲರ್ ಮೇಲೆ ವಾಪಸ್ ಬಂತು, ಮೂರನೇ ಸಲ ಸ್ಯಾನ್ ಹೋಸೆ ಡೆಲ್ ಕಾಬೊ ಫಿನಿಶ್‌ಗೆ ತನ್ನ ಚಕ್ರದ ಮೇಲೇ ಬಂದು ನಿಂತ್ಕೊಳ್ತು. ಚೀಲ ನೋಡಿ ನಕ್ಕೋರೆಲ್ಲ ಈಗ ಫೋನ್ ಮಾಡಿ ಹೇಗ್ ಮಾಡ್ದೆ ಅಂತ ಕೇಳ್ತಿದಾರೆ, ಹಾಗಾಗಿ ಒಂದೇ ಸಲ ಬರೆದು ಹಾಕ್ಬಿಡ್ತೀನಿ.

ನೋರಾ ಮೆಕ್ಸಿಕನ್ 1000 ಗೊತ್ತಿರೋರಿಗೆ ಗೊತ್ತು, ಎನ್ಸೆನಾಡಾದಿಂದ ದಕ್ಷಿಣಕ್ಕೆ ಬಾಹಾ ಪರ್ಯಾಯ ದ್ವೀಪದ ಉದ್ದಕ್ಕೂ ಹಳೇ ಗಾಡಿಗಳ ರ‍್ಯಾಲಿ. ನಮ್ದು 1969ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು, 1600 ಸಿಸಿ ಇಂಜಿನ್, ಮುಂದೆ ಹಿಂದೆ ಕತ್ತರಿಸಿ ಬಾಹಾ ಬಗ್ ಮಾಡಿರೋದು. ಓನರ್ ಸ್ಯಾನ್ ಡಿಯಾಗೋದಲ್ಲಿ ನನ್ನ ಆಫೀಸ್‌ನೋನು, ಓಡಿಸೋದು ಅವನು, ಪಕ್ಕದಲ್ಲಿ ಅವನ ತಮ್ಮ. ನಾನೂ ಮಂಡ್ಯದ ಒಬ್ಬ ಫ್ರೆಂಡೂ ಚೇಸ್ ಟ್ರಕ್, ಅಂದ್ರೆ ಸ್ಪೇರು, ಪೆಟ್ರೋಲು ಹೊತ್ಕೊಂಡು ರ‍್ಯಾಲಿ ಗಾಡಿ ಹಿಂದೆ ಬರೋ ರಿಪೇರಿ ಗಾಡಿ. ನಾನು ಹುಟ್ಟಿ ಬೆಳೆದಿದ್ದು ಸಕಲೇಶಪುರದಲ್ಲಿ, ಅಪ್ಪಂದು ಎಸ್ಟೇಟ್ ಜೀಪ್ ರಿಪೇರಿ ಗ್ಯಾರೇಜು, ಸ್ಪ್ಯಾನರ್ ಹಿಡಿಯೋದು ಯಾರೂ ಹೊಸದಾಗಿ ಕಲಿಸಬೇಕಾಗಿರ್ಲಿಲ್ಲ. ಆ ಜಂಬದಲ್ಲೇ ಮೊದಲನೇ ಸಲ ಹಾಳಾಗಿದ್ದು.

2019ರಲ್ಲಿ ದೊಡ್ಡ ಟ್ರಕ್ ಬಾಡಿಗೆಗೆ ತಗೊಂಡು ಅಂಗಡೀನೇ ತುಂಬ್ಕೊಂಡು ಹೋದ್ವಿ, ನಾಲ್ಕು ಟೂಲ್ ಬಾಕ್ಸು, ಡ್ರಾಯರ್‌ಗಳು, ಒಂದು ಪೂರ್ತಿ ಸ್ಪೇರ್ ಇಂಜಿನ್ನು. ಎರಡನೇ ದಿನ ಹಿಂದಿನ ಚಕ್ರ ತಿರುಗಿಸೋ ಆಕ್ಸಲ್‌ನ ಸಿವಿ ಜಾಯಿಂಟ್ ಬೋಲ್ಟ್ ಸಡಿಲ ಆಗಿ ಎರಡು ಉದುರೇ ಹೋಗಿತ್ತು. ಆರು ಬೋಲ್ಟಿನ ಕೆಲಸ. ಬೋಲ್ಟ್ ಇತ್ತು, ಗ್ರೀಸ್ ಇತ್ತು, ಜಾಯಿಂಟ್ ಮುಚ್ಚೋ ರಬ್ಬರ್ ಬೂಟ್ ಇತ್ತು, ಬೋಲ್ಟ್ ತಿರುಗಿಸೋ ಆ ಎಂಟು ಎಂಎಂ ಹಲ್ಲಿನ ಬಿಟ್ ಮಾತ್ರ ಇಲ್ಲ. ಇತ್ತು ಅನ್ನಿ, ಆದ್ರೆ ಯಾವ ಡಬ್ಬಿಲಿ ಅಂತ ಗೊತ್ತಿಲ್ಲ. ಕತ್ತಲಲ್ಲಿ ಹೆಡ್ ಟಾರ್ಚ್ ಹಾಕ್ಕೊಂಡು ಗಂಟೆ ಮೇಲೆ ಹುಡುಕಿದ್ವಿ, ಸಿಕ್ಕಿದ್ದು ಬೆಳಿಗ್ಗೆ ನನ್ನ ಸೀಟ್ ಕೆಳಗೆ. ಓನರ್ ಏನೂ ಅನ್ನಲಿಲ್ಲ, ಬೈದಿದ್ರೇ ಚೆನ್ನಾಗಿರ್ತಿತ್ತು. ನನ್ನ ಕೈಯಿಂದಾನೇ 3000 ಡಾಲರ್ ಮೇಲೆ ಹೋಯ್ತು ಆ ವರ್ಷ, ಅರ್ಧ ಆ ದರಿದ್ರ ಟ್ರಕ್ ಬಾಡಿಗೆಗೆ.

ಚೀಲದ ಐಡಿಯಾ ಬಂದಿದ್ದು ಆಮೇಲೆ. ಊರಿಂದ ಬರ್ತಾ ಜವಳಿ ಅಂಗಡಿ ಬಟ್ಟೆ ಚೀಲ ಮೂವತ್ತಾದ್ರೂ ತಂದಿದ್ವಿ, ಹೆಂಡ್ತಿ ಗೂಡಲ್ಲಿ ಮಡಚಿಟ್ಟಿದ್ಲು. ಒಂದು ಕೆಲಸಕ್ಕೆ ಒಂದು ಚೀಲ. ಸಿವಿ ಚೀಲ ಅಂದ್ರೆ ಗ್ರೀಸ್ ತುಂಬಿ ರೆಡಿ ಮಾಡಿದ ಜಾಯಿಂಟು, ಬೋಲ್ಟು, ಆ ಹಲ್ಲಿನ ಬಿಟ್, ಹಳೇ ಬನೀನು, ಕೈಗವಸು, ಎಲ್ಲಾ ಒಂದರಲ್ಲೇ. ಕ್ಲಚ್ ಕೇಬಲ್‌ಗೆ ಒಂದು, ಥ್ರಾಟಲ್ ಕೇಬಲ್‌ಗೆ ಒಂದು, ಟೈ ರಾಡ್‌ಗೆ ಒಂದು. ಹತ್ತು ಎಂಎಂ ಸ್ಪ್ಯಾನರೇ ಐದಾರು ಕೊಂಡೆ, ಸೆಕೆಂಡ್ ಹ್ಯಾಂಡು, ಯಾಕಂದ್ರೆ ಒಂದು ಚೀಲದಿಂದ ಇನ್ನೊಂದಕ್ಕೆ ಸಾಲ ತಗೊಳ್ಳೋ ಹಾಗಿಲ್ಲ. ಮನೆ ಅಂಗಳದಲ್ಲಿ ಕಣ್ಣಿಗೆ ಬಟ್ಟೆ ಕಟ್ಕೊಂಡು ಮಾಡಿ ನೋಡ್ದೆ, ಮುಕ್ಕಾಲು ಗಂಟೇಲಿ ಮುಗಿಯದೇ ಇರೋ ಕೆಲಸಕ್ಕೆ ಚೀಲಾನೇ ಕಟ್ಟಲಿಲ್ಲ, ಸ್ಪೇರ್ ಇಂಜಿನ್ ಮನೇಲೇ ಬಿಟ್ಟೆ. ನಾಲ್ಕು ಬೋಲ್ಟಿಗೆ ಇಳಿಯೋ ಇಂಜಿನ್ ಬಿಟ್ಟು ಹೋಗ್ತೀಯಾ ಅಂತ ಎಲ್ರೂ ಬೈದ್ರು, ಆ ಭಾರ ಇಳಿದಿದ್ಕೇ ನಾನು ನನ್ನ ಸ್ವಂತ ಪಿಕಪ್‌ನಲ್ಲಿ ಹೋಗೋಕಾಗಿದ್ದು.

ಆದ್ರೂ 2022ರಲ್ಲಿ ಸೋತ್ವಿ, ಚೀಲ ಬಿಚ್ಚೋ ಪ್ರಸಂಗಾನೇ ಬರ್ಲಿಲ್ಲ! ವಿಜ್ಕಾಯಿನೊ ಹತ್ರ ಹೈವೇ ಕ್ರಾಸಿಂಗ್‌ನಲ್ಲಿ ಎರಡು ಗಂಟೆಗೆ ಪೆಟ್ರೋಲ್ ಅಂತ ಮಾತಾಗಿತ್ತು. ನಾವು ಕಾಲು ಗಂಟೆ ಮುಂಚೇನೇ ಹೋಗಿ ಕಾಲರ್ ಎತ್ಕೊಂಡು ಕೂತಿದ್ವಿ. ಗಾಡಿ ಆಗಲೇ ಬಂದು ಕಾದು ಹೋಗಿತ್ತು. ಗೆರೆರೊ ನೆಗ್ರೊ ಹತ್ರ 28ನೇ ಅಕ್ಷಾಂಶದಲ್ಲಿ ರಾಜ್ಯ ಬದಲಾಗುತ್ತಲ್ಲ, ಅಲ್ಲಿ ಟೈಮೂ ಒಂದು ಗಂಟೆ ಮುಂದಕ್ಕೆ ಹೋಗುತ್ತೆ, ಗಾಡೀಲಿದ್ದೋರ ಟ್ಯಾಬ್ಲೆಟ್ ತಾನಾಗೇ ಬದಲಾಯ್ತು, ನನ್ನ ಕೈಗಡಿಯಾರ ಬದಲಾಗ್ಲಿಲ್ಲ. ಇವರು ಎಲ್ಲೋ ಸಿಕ್ಕಾಕ್ಕೊಂಡಿದಾರೆ ಅಂತ ಅವರು ಅರ್ಧ ಟ್ಯಾಂಕಲ್ಲಿ ಹೊರಟು, ಹಿಟ್ಟಿನಂಥ ಧೂಳು ತುಂಬಿದ ಸಿಲ್ಟ್‌ನಲ್ಲಿ ಪೆಟ್ರೋಲ್ ಖಾಲಿ, ಎಳ್ಕೊಂಡು ಬಂದಾಗ ರಾತ್ರಿ ಹನ್ನೊಂದು. ಆ ವರ್ಷ ಅಕ್ಟೋಬರ್‌ನಲ್ಲಿ ಮೆಕ್ಸಿಕೋದೋರು ಬೇಸಿಗೇಲಿ ಗಡಿಯಾರ ಒಂದು ಗಂಟೆ ಮುಂದಿಡೋ ಬೇಸಿಗೆ ಟೈಮೇ ತೆಗೆದ್ರು, ಅಮೆರಿಕ ಗಡಿ ಪಕ್ಕದೋರು ಮಾತ್ರ ಇಟ್ಕೊಂಡ್ರು, ಹಾಗಾಗಿ ಈಗ ರ‍್ಯಾಲಿ ಟೈಮಲ್ಲಿ ಎರಡೂ ಕಡೆ ಒಂದೇ ಗಂಟೆ. ನಾನಂತೂ ಈಗಲೂ ಎಲ್ರ ಕೈಗೂ 12 ಡಾಲರ್‌ದು ಒಂದೊಂದು ವಾಚ್ ಕಟ್ಟಿಸ್ತೀನಿ, ಎನ್ಸೆನಾಡಾ ಟೈಮು, ಮುಟ್ಟಂಗಿಲ್ಲ.

ಮಧ್ಯೆ ಒಂದು ಮಾತು, ವೇಪರ್ ಲಾಕು, ಅಂದ್ರೆ ಬಿಸಿಗೆ ಪೆಟ್ರೋಲ್ ಪೈಪಲ್ಲೇ ಆವಿಯಾಗಿ ಗಾಡಿ ನಿಂತುಬಿಡೋದು. ಅಪ್ಪಂಗೆ ಫೋನ್ ಮಾಡಿದ್ರೆ "ಪಂಪ್ ಮೇಲೆ ಒದ್ದೆ ಬಟ್ಟೆ ಹಾಕೋ ಮಗಾ, ಶಿರಾಡಿ ಘಾಟೀಲಿ ಅಂಬಾಸಿಡರ್‌ಗಳೆಲ್ಲ ಹಂಗೇ ಹತ್ತಿದ್ದು" ಅಂದ್ರು. ಕ್ಯಾಲಿಫೋರ್ನಿಯಾ ಮರುಭೂಮಿಯ ಓಕೊಟಿಯೊ ವೆಲ್ಸ್‌ನಲ್ಲಿ ಟ್ರೈ ಮಾಡ್ದೆ. ಘಾಟಿ ಗಾಳಿ ಬೇರೆ ಈ ಗಾಳಿ ಬೇರೆ, ಐದು ನಿಮಿಷಕ್ಕೆ ಬಟ್ಟೆ ಹಪ್ಪಳ. ಕೊನೆಗೆ ಎಲೆಕ್ಟ್ರಿಕ್ ಪಂಪ್ ತಂದು ಮುಂದೆ ಟ್ಯಾಂಕ್ ಕೆಳಗೆ ಕೂರಿಸಿದೆ, 60 ಡಾಲರ್ ಇರ್ಬೇಕು, ಮತ್ತೆ ಆ ಕಾಟ ಇಲ್ಲ. ಏರ್ ಫಿಲ್ಟರ್‌ಗೆ ಹಳೇ ಪಂಚೆ ಎಣ್ಣೇಲಿ ಅದ್ದಿ ಸುತ್ತಿದ್ದೂ ಉಂಟು, ಧೂಳೂ ಹೋಗ್ಲಿಲ್ಲ ಗಾಳೀನೂ ಹೋಗ್ಲಿಲ್ಲ. ಆಮೇಲೆ ಪಂಚೆ ಬದಲು ಏನ್ ಹಾಕ್ದೆ ಅನ್ನೋದು ನನ್ನ ಹತ್ರಾನೇ ಇರ್ಲಿ, ಸಿವಿ ಬೋಲ್ಟ್ ಸಡಿಲ ಆಗದ ಹಾಗೆ ಏನ್ ಮಾಡ್ದೆ ಅನ್ನೋದೂ.

2023. ಎಲ್ ರೊಸಾರಿಯೊ ಬಿಟ್ರೆ ಗೆರೆರೊ ನೆಗ್ರೊ ಹತ್ರ ಬರೋವರೆಗೆ 300 ಕಿಮೀ ಮೇಲೆ ನೆಚ್ಚಿಕೊಳ್ಳೋ ಅಂಥ ಬಂಕ್ ಇರ್ಲಿಲ್ಲ, ಮಧ್ಯೆ ಕಟವಿನ್ಯಾ ಅನ್ನೋ ಊರಲ್ಲಿ ರಸ್ತೆ ಬದಿ ಡ್ರಮ್ ಇಟ್ಕೊಂಡು ಮಾರೋರ ಹತ್ರ ನಾನು ತಗೊಳ್ಳಲ್ಲ, ಐದು ಕ್ಯಾನ್ ಎನ್ಸೆನಾಡಾದಲ್ಲೇ ತುಂಬಿಸ್ಕೊಂಡೆ. ಚೇಸ್ ಅಂತ ಹೆಸರೇ ಹೊರತು ಗಾಡಿ ಹಿಂದೆ ಓಡಲೇ ಇಲ್ಲ. ದಿನಕ್ಕೆ ಎರಡೇ ಜಾಗ ಗುರುತು ಮಾಡಿ ಮೊದಲೇ ಹೋಗಿ ಪುಳಿಯೋಗರೆ ಕಲಸಿ ಕೂರೋದು. ಹೇಳಿದ ಟೈಮಿಗೆ ಮೂರು ಗಂಟೆ ದಾಟಿದ್ರೆ ಮಾತ್ರ ಹುಡುಕೋದು. ಮೂರನೇ ದಿನ ರಾತ್ರಿ ಕ್ಲಚ್ ಕೇಬಲ್ ಹೋಯ್ತು, ಹಳದಿ ಚೀಲ ಕೊಡು ಅಂದೆ, ಮಂಡ್ಯದೋನು ಎಸೆದ, ಹನ್ನೊಂದೋ ಹನ್ನೆರಡೋ ನಿಮಿಷಕ್ಕೆ ಗಾಡಿ ಹೊರಟೇ ಹೋಯ್ತು. ಪಕ್ಕದಲ್ಲಿ ಲಾರಿಯಷ್ಟು ದೊಡ್ಡ ಟ್ರಕ್ ಇಟ್ಕೊಂಡಿದ್ದ ಟೀಮಿನೋನು ನೋಡ್ತಾನೇ ನಿಂತಿದ್ದ, ಮಾರನೇ ದಿನ ನಮ್ಮ ಹತ್ರಾನೇ ಥ್ರಾಟಲ್ ಕೇಬಲ್ ಕೇಳ್ಕೊಂಡು ಬಂದ. ಚೀಲ ಸಮೇತ ಕೊಟ್ಟೆ.

ಬೀಟಲ್ ತಗೊಂಡು ಬಾಹಾನಾ ಅಂತ ಈಗಲೂ ಕೇಳೋರಿದಾರೆ. ಸ್ವಾಮಿ, 1967ರಲ್ಲಿ ಮೊದಲನೇ ಮೆಕ್ಸಿಕನ್ 1000 ಗೆದ್ದ ಮರಳಲ್ಲಿ ಓಡ್ಸೋ ಮೇಯರ್ಸ್ ಮ್ಯಾಂಕ್ಸ್ ಬಗ್ಗಿ ಗಾಡಿಯ ಬಾಡಿ ಕೆಳಗಿದ್ದ ಚಾಸಿನೂ ಇದೇ ಬೀಟಲ್‌ದು, 27 ಗಂಟೆ ಚಿಲ್ಲರೇಲಿ ಲಾ ಪಾಜ್ ಮುಟ್ಟಿಸಿತ್ತು. ನಮಗೆ ದಿನಗಳೇ ಹಿಡೀತು, ಅದು ಬೇರೆ ಮಾತು.

ನನ್ನ ಖರ್ಚು ಈ ಸಲ 1400 ಡಾಲರ್ ಆಸುಪಾಸು. ಪೆಟ್ರೋಲ್ 600, ಮೋಟೆಲ್ 400 ಚಿಲ್ಲರೆ, ಮೆಕ್ಸಿಕೋ ಇನ್ಶೂರೆನ್ಸ್ 200 ಹತ್ರ, ಉಳಿದಿದ್ದು ಮೀನಿನ ಟಾಕೋಗೆ. ಓನರ್ ಖರ್ಚು ಎಷ್ಟು ಅಂತ ನಾನು ಕೇಳಿಲ್ಲ, ಅವನು ಅವನ ಹೆಂಡ್ತಿಗೂ ಹೇಳಿಲ್ಲ. ನಮ್ಮನೇಲಿ ಲೆಕ್ಕ ಆಗಿದ್ದು ಚೀಲದ್ದು, ಮೂವತ್ತರಲ್ಲಿ ಹತ್ತೊಂಬತ್ತು ವಾಪಸ್ ಬಂದಿದೆ, ಅದರಲ್ಲಿ ಮಾರ್ಕೆಟ್‌ಗೆ ಹಿಡ್ಕೊಂಡು ಹೋಗೋ ಅಂಥದ್ದು ಒಂದೂ ಇಲ್ಲ.