ಫಾಕ್ನರ್ ಮೇಲೆ ಶಾಲಾ ಪ್ರಬಂಧ: ಒಂದೇ ಕಾದಂಬರಿ, ಎರಡು ಸಲದ ಓದು

ಅಮೆರಿಕದ ಕಾದಂಬರಿಕಾರ ವಿಲಿಯಂ ಫಾಕ್ನರ್ (1897–1962) ಬರೆದದ್ದು 19 ಕಾದಂಬರಿ, ಅದರ ಮೇಲೆ ರಾಶಿ ಕತೆಗಳು. ‘ಫಾಕ್ನರ್‌ನ ಕೃತಿಗಳಲ್ಲಿ ಕಾಲ’ ಎಂದು ಶೀರ್ಷಿಕೆಯಿಟ್ಟು ಮೂರು-ನಾಲ್ಕು ಸಾವಿರ ಪದಗಳ ಶಾಲಾ ಪ್ರಬಂಧಕ್ಕೆ ಕೂತರೆ ಕೊನೆಗೆ ಕೈಗೆ ಬರುವುದು ವಿಶ್ವಕೋಶದ ಸಾರಾಂಶ. ಒಂದು ಕಾದಂಬರಿ ಹಿಡಿಯಿರಿ. ಎರಡು ತಿಂಗಳು ಸಮಯವಿದ್ದರೆ 1929ರ ‘ದ ಸೌಂಡ್ ಅಂಡ್ ದ ಫ್ಯೂರಿ’. ಒಂದೇ ತಿಂಗಳಿದ್ದರೆ 1930ರ ‘ಆಸ್ ಐ ಲೇ ಡೈಯಿಂಗ್’: ಅದರಲ್ಲಿ 15 ನಿರೂಪಕರು, 59 ಅಧ್ಯಾಯಗಳಿದ್ದರೂ ಪ್ರತಿ ಅಧ್ಯಾಯದ ತಲೆಯ ಮೇಲೆ ಮಾತಾಡುವವರ ಹೆಸರಿದೆ, ದಾರಿ ತಪ್ಪುವುದು ಕಷ್ಟ. 1936ರ ‘ಅಬ್ಸಲೋಮ್, ಅಬ್ಸಲೋಮ್!’ ಎಷ್ಟೇ ಆಕರ್ಷಕವಾಗಿ ಕಂಡರೂ ಅದರಿಂದ ಶುರು ಮಾಡಬೇಡಿ. ಈ ಮಾರ್ಗದರ್ಶಿ ‘ದ ಸೌಂಡ್ ಅಂಡ್ ದ ಫ್ಯೂರಿ’ಯನ್ನು ಇಟ್ಟುಕೊಂಡು ಹೇಳುತ್ತದೆ.

ಯಾವ ಪ್ರತಿ

ಇದು ಚಿಕ್ಕ ವಿಷಯವಲ್ಲ. 1929ರ ಮೂಲ ಪಠ್ಯ ಅಮೆರಿಕದಲ್ಲಿ 2025ರ ಜನವರಿ 1ರಂದು ಹಕ್ಕುಸ್ವಾಮ್ಯದಿಂದ ಹೊರಬಂದಿದೆ, ಹಾಗಾಗಿ ಉಚಿತ ಫೈಲುಗಳು ಸಿಗುತ್ತವೆ. ಆದರೆ ಬರಿಯ ಟೆಕ್ಸ್ಟ್ ಫೈಲಿನಲ್ಲಿ ಇಟಾಲಿಕ್ಸ್ ಉಳಿಯುವುದಿಲ್ಲ. ಈ ಕಾದಂಬರಿಯ ಮೊದಲ ಭಾಗದಲ್ಲಿ ಕಾಲ ಬದಲಾಗುವುದನ್ನು ಸೂಚಿಸುವುದೇ ಓರೆ ಅಕ್ಷರ. ಅದು ಹೋಯಿತೆಂದರೆ ಓದುಗನ ಕೈಯಲ್ಲಿದ್ದ ಒಂದು ಮುಖ್ಯ ಊರುಗೋಲು ಹೋದಂತೆ. ಮುದ್ರಿತ ಪ್ರತಿಯನ್ನೇ ತೆಗೆದುಕೊಳ್ಳಿ. ನೋಯೆಲ್ ಪೋಕ್ 1984ರಲ್ಲಿ ಹಸ್ತಪ್ರತಿಗಳೊಂದಿಗೆ ತಾಳೆ ನೋಡಿ ತಿದ್ದಿದ ಪಠ್ಯವಿರುವ ವಿಂಟೇಜ್ ಆವೃತ್ತಿಯಾದರೆ ಒಳ್ಳೆಯದು. ವಿಮರ್ಶಾ ಲೇಖನಗಳೂ ಜೊತೆಗಿರಲಿ ಎಂದರೆ ನಾರ್ಟನ್ ಕ್ರಿಟಿಕಲ್ ಆವೃತ್ತಿ. ಒಂದು ಪ್ರತಿ ಆರಿಸಿದ ಮೇಲೆ ಕೊನೆಯವರೆಗೂ ಅದನ್ನೇ ಬಳಸಿ. ಅರ್ಧ ಟಿಪ್ಪಣಿ ಒಂದರ ಪುಟಸಂಖ್ಯೆ, ಇನ್ನರ್ಧ ಇನ್ನೊಂದರದ್ದು ಆಗಿಬಿಟ್ಟರೆ ಕೊನೆಯ ವಾರದಲ್ಲಿ ಎಲ್ಲವನ್ನೂ ಮತ್ತೆ ಹುಡುಕಬೇಕಾಗುತ್ತದೆ.

ಮೊದಲ ಓದು: ಅರ್ಥವಾಗದಿದ್ದರೂ ಮುಂದೆ

ಕಾದಂಬರಿಗೆ ನಾಲ್ಕು ಭಾಗ, ಪ್ರತಿಯೊಂದಕ್ಕೂ ಒಂದು ತಾರೀಖೇ ಶೀರ್ಷಿಕೆ: 1928ರ ಏಪ್ರಿಲ್ 7, 1910ರ ಜೂನ್ 2, 1928ರ ಏಪ್ರಿಲ್ 6, 1928ರ ಏಪ್ರಿಲ್ 8. ಮೊದಲ ಮೂರನ್ನು ಕ್ರಮವಾಗಿ ಹೇಳುವವರು ಕಾಂಪ್ಸನ್ ಕುಟುಂಬದ ಅಣ್ಣತಮ್ಮಂದಿರಾದ ಬೆಂಜಿ, ಕ್ವೆಂಟಿನ್, ಜೇಸನ್. ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕಕ್ಕೆ ಸಿಕ್ಕಿಸಿ. 1928ರ ಆ ಮೂರು ದಿನಗಳು ಗುಡ್ ಫ್ರೈಡೇಯಿಂದ ಈಸ್ಟರ್ ಭಾನುವಾರದವರೆಗಿನವು. ಅದೂ ಚೀಟಿಯಲ್ಲಿರಲಿ.

ತಾರೀಖಿನ ಕ್ರಮಕ್ಕೆ ಜೋಡಿಸಿಕೊಂಡು ಓದುವ ಆಸೆ ಹಲವರಿಗೆ ಬರುತ್ತದೆ. ಬೇಡ. ಎರಡು ಮತ್ತು ಮೂರನೆಯ ಭಾಗ ಓದುವಾಗ ‘ಓ, ಅದು ಇದಾ!’ ಎಂದು ಹಿಂದಿನದು ಹೊಳೆಯುವಂತೆ ಈ ಪುಸ್ತಕವನ್ನು ಕಟ್ಟಲಾಗಿದೆ. ನಿಮ್ಮ ವಾದ ಹುಟ್ಟುವುದೂ ಬಹುಪಾಲು ಆ ಹೊಳೆತಗಳಿಂದಲೇ. ಸಾರಾಂಶ ಓದಿಕೊಂಡು ಹೋದವರಿಗೆ ಅವು ಸಿಗುವುದಿಲ್ಲ.

ಮೊದಲ ಭಾಗದ ನಿರೂಪಕ ಬೆಂಜಿ ಕಾಂಪ್ಸನ್‌ಗೆ ಅಂದು 33 ವರ್ಷ ತುಂಬುತ್ತದೆ. ಅವನಿಗೆ ಮಾತು ಬಾರದು, ನಿನ್ನೆ ಮತ್ತು ಮೂವತ್ತು ವರ್ಷದ ಹಿಂದಿನ ವ್ಯತ್ಯಾಸ ತಿಳಿಯದು. ಭಾಗ ಸುಮಾರು 70 ಪುಟ, ಅದರಲ್ಲಿ ನೂರರ ಆಸುಪಾಸು ಕಾಲಪಲ್ಲಟಗಳು. ಯಾವ ಕಾಲದಲ್ಲಿದ್ದೇವೆ ಎಂದು ತಿಳಿಯಲು ಗಡಿಯಾರದಂಥ ಒಂದು ಉಪಾಯವನ್ನು ಫಾಕ್ನರ್ ಒಳಗೇ ಇಟ್ಟಿದ್ದಾನೆ: ಬೆಂಜಿಯನ್ನು ನೋಡಿಕೊಳ್ಳುತ್ತಿರುವ ಹುಡುಗ ಯಾರು? ವರ್ಶ್ ಇದ್ದರೆ ಬೆಂಜಿಯ ಬಾಲ್ಯ. ಟಿ.ಪಿ. ಇದ್ದರೆ 1910ರ ಸುತ್ತಮುತ್ತ, ಅಂದರೆ ಅಕ್ಕ ಕ್ಯಾಡಿಯ ಮದುವೆ, ಅಣ್ಣ ಕ್ವೆಂಟಿನ್‌ನ ಸಾವು, ಅಪ್ಪನ ಸಾವಿನ ವರ್ಷಗಳು. ಲಸ್ಟರ್ ಇದ್ದರೆ 1928. ಮೂರಕ್ಕೂ ಮೂರು ಬಣ್ಣದ ಪೆನ್ಸಿಲ್ ಇಟ್ಟುಕೊಂಡು ಅಂಚಿನಲ್ಲಿ ಗೀಟು ಹಾಕುತ್ತಾ ಹೋಗಿ. ಫಾಕ್ನರ್‌ಗೂ ಇದನ್ನು ಬಣ್ಣದ ಶಾಯಿಯಲ್ಲಿ ಅಚ್ಚು ಹಾಕಿಸುವ ಆಸೆಯಿತ್ತು. 1929ರಲ್ಲಿ ಅದಾಗಲಿಲ್ಲ. ಫೋಲಿಯೋ ಸೊಸೈಟಿ 2012ರಲ್ಲಿ 14 ಬಣ್ಣಗಳಲ್ಲಿ ಅಚ್ಚು ಹಾಕಿತು. ಶಾಲೆಯ ಕೆಲಸಕ್ಕೆ ಮೂರು ಬಣ್ಣ ಧಾರಾಳ.

ಇಲ್ಲಿ ಎಡವಿಸುವುದು ಹೆಸರುಗಳು. ಕ್ವೆಂಟಿನ್ ಇಬ್ಬರು: 1910ರಲ್ಲಿ ಸಾಯುವ ಅಣ್ಣ, ಮತ್ತು ಕ್ಯಾಡಿಯ ಮಗಳು. ಜೇಸನ್ ಕೂಡ ಇಬ್ಬರು, ಅಪ್ಪ ಮತ್ತು ಮಗ. ಬೆಂಜಿಗೆ ಹುಟ್ಟಿದಾಗ ಇಟ್ಟದ್ದು ಸೋದರಮಾವನ ಹೆಸರು ಮೌರಿ, ಆಮೇಲೆ ಬದಲಾಯಿಸಿದರು. ಲಸ್ಟರ್ ಇರುವ ಪುಟದಲ್ಲಿ ಕ್ವೆಂಟಿನ್ ಎಂದು ಬಂದರೆ ಅದು ಹುಡುಗಿ. ವರ್ಶ್ ಇದ್ದರೆ ಹುಡುಗ. ಈ ಒಂದು ಗೊಂದಲಕ್ಕೇ ಎಷ್ಟೋ ಪ್ರಬಂಧಗಳು ಮಗುಚಿಬಿದ್ದಿವೆ.

ಎರಡನೆಯ ಓದು: ಮೊಳೆಯನ್ನು ನೋಡಿ

ಎರಡನೆಯ ಸಲ ಓದುವಾಗ ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಮಾಡಿ: ಪುಟ, ಬೆಂಜಿಯ ಜೊತೆ ಯಾರು, ಯಾವ ವಸ್ತು ಅಥವಾ ಶಬ್ದದಿಂದ ಕಾಲ ಜಿಗಿಯಿತು, ಎಲ್ಲಿಗೆ ಜಿಗಿಯಿತು. ಮೂರನೆಯ ಅಂಕಣವೇ ಮುಖ್ಯ.

ಕಾದಂಬರಿಯ ಮೊದಲ ಎರಡು ಪುಟದಲ್ಲೇ ನೋಡಿ. ಬೇಲಿಯಾಚೆ ಗಾಲ್ಫ್ ಆಡುವವರು ಕೋಲುಗಳ ಚೀಲ ಹೊರುವ ಹುಡುಗನನ್ನು ‘ಕ್ಯಾಡಿ’ ಎಂದು ಕರೆಯುತ್ತಾರೆ, ಬೆಂಜಿ ಅಳುತ್ತಾನೆ. ಅವನ ಕಿವಿಗೆ ಬಿದ್ದದ್ದು ಅಕ್ಕನ ಹೆಸರು. (ಆ ಮೈದಾನ ಒಮ್ಮೆ ಅವರದೇ ಹುಲ್ಲುಗಾವಲು, ಕ್ವೆಂಟಿನ್‌ನ ಹಾರ್ವರ್ಡ್ ಓದಿಗೆ ಮಾರಿದ್ದು. ಇದು ಮುಂದೆ ತಿಳಿಯುತ್ತದೆ.) ಲಸ್ಟರ್ ಕಳೆದುಹೋದ ಇಪ್ಪತ್ತೈದು ಸೆಂಟಿನ ನಾಣ್ಯ ಹುಡುಕುತ್ತಿದ್ದಾನೆ. ಬೇಲಿಯ ಸಂದಿಯಲ್ಲಿ ನುಸುಳುವಾಗ ಬೆಂಜಿಯ ಬಟ್ಟೆ ಮೊಳೆಗೆ ಸಿಕ್ಕುತ್ತದೆ. ಲಸ್ಟರ್ ಗೊಣಗುತ್ತಾನೆ. ಮುಂದಿನ ಸಾಲು ಓರೆ ಅಕ್ಷರದಲ್ಲಿದೆ: ಈಗ ಮೊಳೆಯಿಂದ ಬಿಡಿಸುತ್ತಿರುವುದು ಕ್ಯಾಡಿ, ಕಾಲ ಎಷ್ಟೋ ಹಿಂದಿನ ಚಳಿಗಾಲ. ಮೊಳೆ ಒಂದೇ, ವರ್ಷ ಬೇರೆ. ಒಬ್ಬ ಗೊಣಗುತ್ತಾನೆ, ಒಬ್ಬಳು ಬಿಡಿಸುತ್ತಾಳೆ. ಕ್ಯಾಡಿ ಒಳ್ಳೆಯವಳು ಎಂದು ಬೆಂಜಿ ಎಲ್ಲೂ ಹೇಳುವುದಿಲ್ಲ, ಹೇಳಲು ಅವನಿಗೆ ಬರುವುದೂ ಇಲ್ಲ. ಆದರೂ ಓದುಗನಿಗೆ ಅದು ಎರಡು ಸಾಲಿನಲ್ಲಿ ಗೊತ್ತಾಗಿಬಿಡುತ್ತದೆ. ಈ ಥರದ ಐದಾರು ಜಾಗ ಅಂಕಣದಲ್ಲಿ ಸೇರಿದರೆ ಪ್ರಬಂಧದ ಒಂದು ಭಾಗ ಬರೆದಂತೆಯೇ. ಮರಗಳ ವಾಸನೆ, ಕ್ಯಾಡಿ ಸೆಂಟು ಹಚ್ಚಿಕೊಂಡ ದಿನ ಬೆಂಜಿಯ ಅಳು, ಬೆಂಕಿ, ಗೇಟು, ಹಳೆಯ ಚಪ್ಪಲಿ ಇವನ್ನು ಬೆನ್ನಟ್ಟಿ.

ಒಂದು ಎಚ್ಚರ: ಓರೆ ಅಕ್ಷರ ಬಂದರೆ ‘ಹಿಂದಿನ ಕಾಲ’, ನೆಟ್ಟಗಿದ್ದರೆ ‘ಈಗ’ ಎಂದುಕೊಳ್ಳಬೇಡಿ. ಅದು ಬದಲಾವಣೆ ಆಯಿತು ಎನ್ನುತ್ತದೆ, ಅಷ್ಟೇ. ಹಿಂದಿನ ಪ್ರಸಂಗವೊಂದು ನೆಟ್ಟಗಿನ ಅಕ್ಷರದಲ್ಲೇ ಪುಟಗಟ್ಟಲೆ ನಡೆಯಬಹುದು.

ಕ್ವೆಂಟಿನ್‌ನ ಭಾಗದಲ್ಲಿ ಇನ್ನೊಂದು ಲಕ್ಷಣ ಸೇರುತ್ತದೆ. ಅವನ ಮನಸ್ಸು ಕದಡಿದಂತೆ ವಿರಾಮಚಿಹ್ನೆಗಳು ಉದುರುತ್ತವೆ, ‘ನಾನು’ ಎಂಬರ್ಥದ ಇಂಗ್ಲಿಷ್ ಅಕ್ಷರವೂ ಸಣ್ಣದಾಗುತ್ತದೆ. ಬೆಳಿಗ್ಗೆಯೇ ಅವನು ಅಜ್ಜನ ಗಡಿಯಾರದ ಮುಳ್ಳು ಕಿತ್ತುಹಾಕುತ್ತಾನೆ, ಆದರೂ ಅದು ಟಿಕ್‌ಟಿಕ್ ಎನ್ನುತ್ತಲೇ ಇರುತ್ತದೆ. ಇದನ್ನು ಬರೆಯದ ವಿದ್ಯಾರ್ಥಿಯಿಲ್ಲ. ಇದರ ಪಕ್ಕದಲ್ಲಿ ಕೊನೆಯ ಭಾಗದ ಅಡುಗೆಮನೆ ಗಡಿಯಾರವನ್ನು ಇಡಿ: ಅದು ಐದು ಸಲ ಹೊಡೆಯುತ್ತದೆ, ಮನೆಯ ಕಪ್ಪು ಸೇವಕಿ ಡಿಲ್ಸಿ ‘ಎಂಟು ಗಂಟೆ’ ಎನ್ನುತ್ತಾಳೆ. ಕೆಟ್ಟ ಗಡಿಯಾರವನ್ನು ಒಬ್ಬ ತಾನೇ ಕೆಡಿಸಿಕೊಂಡು ನರಳುತ್ತಾನೆ, ಇನ್ನೊಬ್ಬಳು ಲೆಕ್ಕ ಸರಿಮಾಡಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಇಷ್ಟರಲ್ಲೇ ಒಳ್ಳೆಯ ಹೋಲಿಕೆಯಿದೆ.

ಜೇಸನ್‌ನ ಭಾಗ ಸಲೀಸು, ನಗುವೂ ಬರುತ್ತದೆ. ಅಪಾಯ ಅಲ್ಲೇ ಇದೆ. ಅಕ್ಕ ಮಗಳಿಗೆಂದು ಕಳಿಸುವ ಹಣ ನುಂಗುತ್ತಾ, ಅಮ್ಮನ ಕೈಗೆ ಸುಡಲು ನಕಲಿ ಚೆಕ್ ಕೊಡುವವನ ಮಾತು ಅದು. ಅವನ ಜನಾಂಗದ್ವೇಷದ ಸಾಲುಗಳನ್ನು ‘ಫಾಕ್ನರ್ ಹೇಳುತ್ತಾನೆ’ ಎಂದು ಬರೆದರೆ ಪ್ರಬಂಧ ಅಲ್ಲಿಗೇ ಮುಗಿಯಿತು. ‘ಜೇಸನ್ ಹೇಳುತ್ತಾನೆ’ ಎನ್ನಿ. ಕೀಳುಪದಗಳನ್ನು ಉಲ್ಲೇಖಿಸಲೇಬೇಕೇ ಎಂದು ಮೊದಲೇ ಅಧ್ಯಾಪಕರನ್ನು ಕೇಳಿಕೊಳ್ಳಿ. ಪದ ಬಿಟ್ಟರೆ ಬಿಟ್ಟದ್ದನ್ನು ತೋರಿಸಿ, ಮೃದು ಮಾಡಿ ತಿದ್ದಬೇಡಿ.

ಪ್ರಶ್ನೆ ಕಟ್ಟುವುದು

‘ಕಾದಂಬರಿಯಲ್ಲಿ ಕಾಲದ ಪಾತ್ರ’ ಪ್ರಶ್ನೆಯಲ್ಲ, ಕಪಾಟಿನ ಮೇಲಿನ ಚೀಟಿ. ‘ತನಗೆಂದು ಒಂದು ಭಾಗವೇ ಇಲ್ಲದ ಕ್ಯಾಡಿಯನ್ನು ಓದುಗ ಮೂವರು ತಮ್ಮಣ್ಣಂದಿರಲ್ಲಿ ಯಾರ ಮೂಲಕ ಹೆಚ್ಚು ನಂಬುತ್ತಾನೆ, ಯಾಕೆ?’ ಇದು ಪ್ರಶ್ನೆ. ‘ನಾಲ್ಕನೆಯ ಭಾಗ ಡಿಲ್ಸಿಯ ಸುತ್ತ ಇದ್ದೂ ಅವಳಿಗೆ “ನಾನು” ಎನ್ನುವ ಅವಕಾಶ ಕೊಡದಿರುವುದರಿಂದ ಏನು ಸಿಕ್ಕಿತು, ಏನು ತಪ್ಪಿತು?’ ಇದೂ. ಪ್ರಶ್ನೆಗೆ ಇಬ್ಬರು ಎಚ್ಚರದ ಓದುಗರು ಬೇರೆ ಬೇರೆ ಉತ್ತರ ಕೊಡಬಲ್ಲರೇ ಎಂದು ನೋಡಿ. ಪುರಾವೆ ಇಪ್ಪತ್ತು-ಮೂವತ್ತು ಪುಟಗಳೊಳಗೆ ಸಿಕ್ಕರೆ ಇನ್ನೂ ಒಳ್ಳೆಯದು. ಎರಡೂ ಸೇರಿದರೆ ಬರೆಯಲು ಶುರು ಮಾಡಿ.

ಪುರಾವೆಯಲ್ಲಿ ನುಸುಳುವ ಕಲಬೆರಕೆ

ಫಾಕ್ನರ್ ಈ ಕುಟುಂಬದ ಮೇಲೆ 1945ರಲ್ಲಿ ಒಂದು ಅನುಬಂಧ ಬರೆದ. ಅದು 1946ರಲ್ಲಿ ವಿಮರ್ಶಕ ಮಾಲ್ಕಮ್ ಕೌಲಿ ಸಂಪಾದಿಸಿದ ಫಾಕ್ನರ್ ಬರಹಗಳ ಸಂಕಲನದಲ್ಲಿ ಬಂತು, ಆಮೇಲೆ ಕಾದಂಬರಿಯ ಕೆಲವು ಆವೃತ್ತಿಗಳ ಮುಂದೆಯೋ ಹಿಂದೆಯೋ ಅಂಟಿಕೊಂಡಿತು. ಕ್ಯಾಡಿ ಜರ್ಮನ್ ಸೇನಾಧಿಕಾರಿಯ ಜೊತೆಗಿರುವ ಚಿತ್ರ, ಬೆಂಜಿಯನ್ನು 1933ರಲ್ಲಿ ಹುಚ್ಚಾಸ್ಪತ್ರೆಗೆ ಸೇರಿಸಿದ್ದು, ಇವೆಲ್ಲ ಅನುಬಂಧದ ಸಂಗತಿಗಳು. 1929ರ ಕಾದಂಬರಿಯಲ್ಲಿ ಇಲ್ಲ. ಎರಡೂ ಒಂದಕ್ಕೊಂದು ಹೊಂದುವುದೂ ಇಲ್ಲ: ಹುಡುಗಿ ಕ್ವೆಂಟಿನ್ ಕಾದಂಬರಿಯಲ್ಲಿ ಪೇರ್ ಮರ ಹಿಡಿದು ಕಿಟಕಿಯಿಂದಿಳಿದರೆ ಅನುಬಂಧದಲ್ಲಿ ಮಳೆನೀರಿನ ಕೊಳವೆ ಹಿಡಿಯುತ್ತಾಳೆ. ಅನುಬಂಧವನ್ನು ಎರಡು ಓದು ಮುಗಿದ ಮೇಲಷ್ಟೇ ತೆರೆಯಿರಿ, ಬಳಸಿದರೆ ಅದರ ಹೆಸರು ಹೇಳಿ ಬಳಸಿ.

ಲೇಖಕನ ಮಾತಿಗೂ ಇದೇ ನಿಯಮ. 1957–58ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಫಾಕ್ನರ್ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಿಸಿದ್ದರ ಧ್ವನಿಮುದ್ರಣಗಳು ಆ ವಿಶ್ವವಿದ್ಯಾಲಯದ ಜಾಲತಾಣದಲ್ಲಿವೆ. ಕೇಳಲು ಬಲು ಚೆನ್ನ. ಅಜ್ಜಿಯ ಸಾವಿನ ದಿನ ಮರ ಹತ್ತಿ ಕಿಟಕಿಯಲ್ಲಿ ಇಣುಕುವ, ಚಡ್ಡಿಗೆ ಕೆಸರು ಮೆತ್ತಿದ ಹುಡುಗಿಯ ಚಿತ್ರದಿಂದ ಕಾದಂಬರಿ ಹುಟ್ಟಿತು ಎಂದು ಆತ ಹೇಳುತ್ತಿದ್ದ. ಪುಸ್ತಕ ಬಂದು ಸುಮಾರು ಮೂವತ್ತು ವರ್ಷವಾದ ಮೇಲಿನ ಮಾತುಗಳು ಇವು. ಅವು ನಿಮ್ಮ ಓದಿಗೆ ಬೆಂಬಲ ಕೊಡಬಹುದು, ಓದಿನ ಜಾಗದಲ್ಲಿ ಕೂರಬಾರದು. ಜೀವನಚರಿತ್ರೆಗೆ ಒಂದು ಪ್ಯಾರಾ ಸಾಕು: ಮಿಸಿಸಿಪ್ಪಿಯ ಆಕ್ಸ್‌ಫರ್ಡ್, ಅದನ್ನು ಹೋಲುವ ಕಲ್ಪಿತ ಯೊಕ್ನಪಟಾಫ ಕೌಂಟಿ. ನೊಬೆಲ್ ಬಹುಮಾನದ ವರ್ಷ 1949 ಎಂದೇ ಬರೆಯಿರಿ, ಕೈಗೆ ಕೊಟ್ಟದ್ದು ಮಾತ್ರ 1950ರಲ್ಲಿ. ಶೀರ್ಷಿಕೆ ‘ಮ್ಯಾಕ್‌ಬೆತ್’ನಿಂದ ಬಂದದ್ದನ್ನು ಮೊದಲ ಪ್ಯಾರಾದಲ್ಲಿ ಹಾಕುವ ಚಪಲ ಎಲ್ಲರಿಗೂ ಇರುತ್ತದೆ. ನಿಮ್ಮ ವಾದಕ್ಕೆ ಅದು ಬೇಕಿಲ್ಲದಿದ್ದರೆ ಬಿಡಿ.

ಕರಡು ಮುಗಿದ ಮೇಲೆ ಒಂದು ದಿನ ಉಲ್ಲೇಖಗಳಿಗೆಂದೇ ಇಡಿ. ಪ್ರತಿ ಉಲ್ಲೇಖವನ್ನೂ ಪುಸ್ತಕದ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ: ಓರೆ ಅಕ್ಷರ ಓರೆಯಾಗಿಯೇ ಇದೆಯೇ, ಇಲ್ಲದ ಪೂರ್ಣವಿರಾಮವನ್ನು ಕಂಪ್ಯೂಟರ್ ತಾನಾಗಿ ಸೇರಿಸಿದೆಯೇ, ಸಣ್ಣ ಅಕ್ಷರವನ್ನು ದೊಡ್ಡದು ಮಾಡಿದೆಯೇ. ಆಮೇಲೆ ‘ಕ್ವೆಂಟಿನ್’ ಎಂದು ಹುಡುಕಿ, ಬಂದ ಪ್ರತಿ ಕಡೆಯೂ ಯಾವ ಕ್ವೆಂಟಿನ್ ಎಂಬುದು ಆ ವಾಕ್ಯದಲ್ಲೇ ತಿಳಿಯುವಂತೆ ಮಾಡಿ.